ಸಾಲ ಜಾಸ್ತಿಯಾಗಿ ಕೈ ಕಟ್ಟಿದಾಗ ಬ್ಯಾಂಕ್ ಚಾರ್ಜು, ನೋಟಿಸು, ರಿಕವರಿಯವರನ್ನ ನಿಭಾಯಿಸೋದು ಹೇಗೆ: ಕೊಡಗಿನವರಿಗೆ

ಕೊಡಗಲ್ಲಿ ದುಡ್ಡು ಬರೋದು ವರ್ಷಕ್ಕೊಂದ್ಸಲ, ಡಿಸೆಂಬರಿಂದ ಮಾರ್ಚ್ ತನಕ ಕಾಫಿ ಕೊಯ್ದು ಕಣದಲ್ಲಿ ಒಣಗ್ಸಿ ಮಾರಿದಾಗ, ಅದರ ಹಿಂದೆನೇ ಸ್ವಲ್ಪ ಕರಿಮೆಣಸು. ಆದ್ರೆ ಕಂತು ಕೇಳೋರು ತಿಂಗಳು ತಿಂಗಳು ಬರ್ತಾರೆ. ಜೂನ್ ಜುಲೈಲಿ ಮಳೆ ಹಿಡಿದು ಕೂತಾಗ ತೋಟದಲ್ಲಿ ಕೂಲಿನೂ ಕಮ್ಮಿ, ಹೋಂಸ್ಟೇಗೆ ಬರೋ ಜನನೂ ಕಮ್ಮಿ, ಒಂದು ಕಂತು ತಪ್ಪುತ್ತೆ, ಅದಕ್ಕೆ ಚಾರ್ಜು, ಆ ಚಾರ್ಜಿಂದ ಮುಂದಿನ ಕಂತೂ ತಪ್ಪುತ್ತೆ, ಹಂಗೇ ಬೆಳೀತಾ ಹೋಗುತ್ತೆ. ಇಂಥಾ ಟೈಮಲ್ಲಿ ಮುಕ್ಕಾಲುವಾಸಿ ಜನ ಮಾಡೋದು ಏನಂದ್ರೆ, ಫೋನಲ್ಲಿ ಯಾರು ಜಾಸ್ತಿ ಕೂಗಾಡ್ತಾರೋ ಅವರಿಗೆ ಇರೋ ದುಡ್ಡನ್ನೆಲ್ಲ ಕೊಟ್ಟುಬಿಡೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಕೂಗಾಡೋರು ಸಾಮಾನ್ಯವಾಗಿ ಅಡಮಾನ ಇಲ್ಲದ ಸಾಲದವರು, ಅವರ ಕೈಲಿ ನಿಮ್ಮ ಮನೆ ತೋಟದ ಪತ್ರ ಇಲ್ಲ, ಅದಕ್ಕೇ ಕೂಗೋದು. ತೋಟ ಅಡ ಇಟ್ಕೊಂಡಿರೋ ಬ್ಯಾಂಕು ಕೂಗಲ್ಲ, ಸುಮ್ನೆ ಒಂದು ರಿಜಿಸ್ಟರ್ಡ್ ನೋಟಿಸ್ ಕಳಿಸುತ್ತೆ, ಅಷ್ಟೇ.

ಅದಕ್ಕೆ ಮೊದಲ ಕೆಲಸ, ಒಂದು ನೋಟ್‌ಬುಕ್ ತಗೊಂಡು ಎಲ್ಲಾ ಸಾಲನೂ ಬರೀರಿ. ಸೊಸೈಟಿ ಸಾಲ, ಬ್ಯಾಂಕಿನ ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ), ಒಡವೆ ಸಾಲ, ಗಾಡಿ ಸಾಲ, ಸಂಘದ ಸಾಲ, ಮೊಬೈಲ್ ಆಪಿನದ್ದು, ಕಾಫಿ ವ್ಯಾಪಾರಿ ಹತ್ರ ತಗೊಂಡ ಅಡ್ವಾನ್ಸು, ಅಣ್ಣ ತಮ್ಮಂದಿರ ಹತ್ರ ತಗೊಂಡಿದ್ದು, ಯಾವುದನ್ನೂ ಬಿಡ್ಬೇಡಿ. ಪ್ರತಿಯೊಂದರ ಮುಂದೆ ಎಷ್ಟು ಬಾಕಿ ಅನ್ನೋದಕ್ಕಿಂತ ಮುಖ್ಯವಾಗಿ, ಇದು ಕಟ್ಟದೇ ಇದ್ರೆ ನಾನು ಏನು ಕಳ್ಕೊಳ್ತೀನಿ ಅಂತ ಬರೀರಿ. ಮನೆ, ತೋಟ, ಅಜ್ಜಿ ಕಾಲದ ಪತ್ತಾಕ್ ಜೋಮಾಲೆಯಂಥ ಒಡವೆ, ದುಡಿಯೋ ಪಿಕಪ್ಪು, ಇವು ಹೋಗೋ ಸಾಲಗಳು ಮೇಲೆ ಬರ್ಬೇಕು. ಊಟ, ಕರೆಂಟು, ಮಕ್ಕಳ ಫೀಸು, ಔಷಧಿ ಇದೆಲ್ಲ ಆ ಪಟ್ಟಿಗಿಂತ್ಲೂ ಮೇಲೆ, ಅದನ್ನ ಕಳೆದು ಉಳಿದಿದ್ದು ಮಾತ್ರ ಸಾಲಕ್ಕೆ. ನೆನಪಿಲ್ಲದ ಸಾಲ ಏನಾದ್ರೂ ಇದೆಯಾ ನೋಡೋಕೆ ಕ್ರೆಡಿಟ್ ರಿಪೋರ್ಟ್ ತೆಗೀರಿ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೆ ಒಂದು ಫುಲ್ ರಿಪೋರ್ಟ್ ಫ್ರೀಯಾಗಿ ಕೊಡ್ಲೇಬೇಕು, ಜಾಮೀನು ಹಾಕಿದ್ದೂ ಅದರಲ್ಲಿ ಕಾಣುತ್ತೆ. ಜಾಮೀನು ಅಂದ್ರೆ ಬರೀ ಸೈನ್ ಅಲ್ಲ, 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆನೂ ಸಾಲ ತಗೊಂಡವನಷ್ಟೇ. ಒಕ್ಕದವರೋ (ನಿಮ್ಮ ಮನೆತನದವರೋ) ಪಕ್ಕದ ತೋಟದವರೋ ನಿಮಗೆ ಸೈನ್ ಹಾಕಿದ್ರೆ ಅವರಿಗೆ ನೀವೇ ಮೊದಲು ಹೇಳಿ, ಬ್ಯಾಂಕ್ ನೋಟಿಸ್ ನೋಡಿ ಗೊತ್ತಾಗೋ ಹಂಗೆ ಮಾಡ್ಬೇಡಿ.

ಈಗ ಚಾರ್ಜು. ಇದರ ಬಗ್ಗೆ ಜಾಸ್ತಿ ಹೇಳ್ತೀನಿ ಯಾಕಂದ್ರೆ ಜನ ಇದನ್ನ ನೋಡೋದೇ ಇಲ್ಲ.

ಕಂತಿನ ದಿನ ಖಾತೇಲಿ ದುಡ್ಡಿಲ್ಲ ಅಂದ್ರೆ ನಿಮ್ಮ ಬ್ಯಾಂಕು ಒಂದು ಬೌನ್ಸ್ ಚಾರ್ಜ್ ಹಾಕುತ್ತೆ, ಸಾಲ ಕೊಟ್ಟ ಕಂಪನಿ ಇನ್ನೊಂದು ಹಾಕುತ್ತೆ. ಕೆಲವು ಕಂಪನಿಗಳು ಅದೇ ಕಂತನ್ನ ಮತ್ತೆ ಮತ್ತೆ ಪ್ರೆಸೆಂಟ್ ಮಾಡ್ತವೆ, ಅಂದ್ರೆ ಖಾತೆಯಿಂದ ಎಳೆಯೋಕೆ ನೋಡ್ತವೆ. ಎರಡೂ ಕಡೆ 500ರಂತೆ ಇಟ್ಕೊಳ್ಳಿ, ಮೂರು ಸಲ ಬೌನ್ಸಾದ್ರೆ 3000 ರೂಪಾಯಿ ಗಾಳಿಗೆ ಹೋಯ್ತು, ಸಾಲ ಒಂದು ಪೈಸೆ ಇಳಿದಿಲ್ಲ. ಈ ತಿಂಗಳು ಆಗಲ್ಲ ಅಂತ ಮೊದಲೇ ಗೊತ್ತಿದ್ರೆ ಕಂತಿನ ದಿನಕ್ಕೆ ಒಂದು ವಾರ ಮುಂಚೆನೇ ಕಂಪನಿಗೆ ಇಮೇಲ್ ಹಾಕಿ, ಈ ತಿಂಗಳು ಪ್ರೆಸೆಂಟ್ ಮಾಡ್ಬೇಡಿ, ಇಂಥಾ ದಿನ ಇಷ್ಟು ಕಟ್ತೀನಿ ಅಂತ. ಒಪ್ಪದೇ ಇದ್ರೂ ನೀವು ಬರೆದಿದ್ದಕ್ಕೆ ದಾಖಲೆ ಇರುತ್ತೆ, ಆಮೇಲೆ ಚಾರ್ಜ್ ವಾಪಸ್ ಕೇಳೋಕೆ ಅದೇ ಆಧಾರ. ಮ್ಯಾಂಡೇಟ್ (ಖಾತೆಯಿಂದ ಕಂತು ತಾನಾಗೇ ಕಟ್ ಆಗೋಕೆ ಕೊಟ್ಟ ಒಪ್ಪಿಗೆ) ಕ್ಯಾನ್ಸಲ್ ಮಾಡಿ ಸುಮ್ನೆ ಕೂತ್ಕೊಳ್ಳೋದು ಮಾತ್ರ ಬೇಡ. ಚೆಕ್ ಬೌನ್ಸಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 138 ಇದ್ದಂಗೆ ಆಟೋ ಡೆಬಿಟ್ ಬೌನ್ಸಿಗೂ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆ 25ನೇ ಸೆಕ್ಷನ್ ಇದೆ, ಕೇಸ್ ಆಗ್ಬಹುದು. ಅಂಥಾ ನೋಟಿಸ್ ಬಂದ್ರೆ ಕಟ್ಟೋಕೆ 15 ದಿನ ಇರುತ್ತೆ, ಆ 15 ದಿನ ವೇಸ್ಟ್ ಮಾಡ್ಬೇಡಿ, ಅವತ್ತೇ ವಕೀಲರನ್ನ ನೋಡಿ.

ಇನ್ನು ಕಂತು ತಡ ಆದದ್ದಕ್ಕೆ ಹಾಕೋ ದಂಡ. 2023ರ ಆಗಸ್ಟ್ 18ಕ್ಕೆ ಆರ್‌ಬಿಐ ಒಂದು ಸರ್ಕ್ಯುಲರ್ ಮಾಡಿ, ದಂಡವನ್ನ ಬಡ್ಡಿ ರೂಪದಲ್ಲಿ ಹಾಕಬಾರದು, ಪೀನಲ್ ಚಾರ್ಜ್ ಅಂತ ಬೇರೆಯಾಗಿ ತೋರಿಸ್ಬೇಕು, ಅದನ್ನ ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಅಂತ ಹೇಳಿದೆ. ಹೊಸ ಸಾಲಕ್ಕೆ 2024ರ ಏಪ್ರಿಲ್ ಒಂದರಿಂದ, ಹಳೇ ಸಾಲ ಆ ಜೂನ್ ಒಳಗೆ ಈ ಪದ್ಧತಿಗೆ ಬರ್ಬೇಕಿತ್ತು. ಇದರ ಮೇಲೆ ಜಿಎಸ್‌ಟಿ ಕೂಡ ಇಲ್ಲ ಅಂತ 2024ರ ಡಿಸೆಂಬರಲ್ಲಿ ಜಿಎಸ್‌ಟಿ ಕೌನ್ಸಿಲ್ ಹೇಳಿದೆ. ಸ್ಟೇಟ್‌ಮೆಂಟ್ ತೆಗೆದು ಪೆನ್ನು ಹಿಡಿದು ಸಾಲು ಸಾಲು ನೋಡಿ. ಉಳಿತಾಯ ಖಾತೇಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಚಾರ್ಜ್ ಹಾಕಿ ಹಾಕಿ ಖಾತೆಯನ್ನ ಮೈನಸ್‌ಗೆ ಇಳಿಸೋ ಹಂಗಿಲ್ಲ, 2015ರ ಏಪ್ರಿಲಿಂದಲೇ ಇದು ರೂಲ್ಸು. ಇನ್ನೊಂದು, ತೋಟದವರು ಗಮನಿಸ್ಬೇಕಾದ್ದು: 3 ಲಕ್ಷದವರೆಗಿನ ಕೆಸಿಸಿಗೆ ಪ್ರೊಸೆಸಿಂಗ್, ಇನ್‌ಸ್ಪೆಕ್ಷನ್, ಲೆಡ್ಜರ್ ಫೋಲಿಯೋ ಚಾರ್ಜ್ ಬಿಡಬೇಕು ಅಂತ 2019ರಲ್ಲೇ ಬ್ಯಾಂಕುಗಳ ಸಂಘ ಸೂಚನೆ ಕೊಟ್ಟಿದೆ, ಆದ್ರೂ ಸ್ಟೇಟ್‌ಮೆಂಟಲ್ಲಿ ಕಂಡ್ರೆ ಕೇಳಿ. ನೀವು ಕೇಳದ ಇನ್ಶೂರೆನ್ಸ್ ಪ್ರೀಮಿಯಂ ಕಂಡ್ರೂ ಕೇಳಿ, ನಾನು ಸೈನ್ ಹಾಕಿದ ಫಾರ್ಮ್ ತೋರಿಸಿ ಅಂತ.

ಕೇಳೋದು ಅಂದ್ರೆ ಕೌಂಟರ್ ಹತ್ರ ನಿಂತು ಬಾಯಲ್ಲಿ ಕೇಳೋದಲ್ಲ. ಮ್ಯಾನೇಜರ್ ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗ್ತಾರೆ, ಅವರು ಒಪ್ಕೊಂಡ ಮಾತೂ ಅವರ ಜೊತೇನೇ ಹೋಗುತ್ತೆ. ಕಾಗದ ಕೊಟ್ಟು ನಕಲಿಗೆ ಸೀಲ್ ಹಾಕಿಸ್ಕೊಳ್ಳಿ. ಕನ್ನಡದಲ್ಲೇ ಬರೀರಿ, ಉದ್ದ ಬೇಡ, ಹಿಂಗೆ: "ನನ್ನ ಸಾಲ ಖಾತೆ ಸಂಖ್ಯೆ ಇಂಥದ್ದು. ಈ ವರ್ಷ ಮಳೆಯಿಂದ ಫಸಲು ಉದುರಿ ಆದಾಯ ಕಡಿಮೆಯಾಗಿದೆ. ಈಗ ತಿಂಗಳಿಗೆ ಇಷ್ಟು ಮಾತ್ರ ಕಟ್ಟಲು ಸಾಧ್ಯ, ಕಾಫಿ ಮಾರಿದ ಮೇಲೆ ಮಾರ್ಚ್‌ನಲ್ಲಿ ಇಷ್ಟು ಕಟ್ಟುತ್ತೇನೆ. ಕಂತುಗಳನ್ನು ಮರುಹೊಂದಿಸಿಕೊಡಿ. ಇಂಥ ದಿನಾಂಕಗಳಲ್ಲಿ ಹಾಕಿರುವ ಇಷ್ಟು ರೂಪಾಯಿ ಚಾರ್ಜನ್ನು ಹಿಂತಿರುಗಿಸಿ, ಇಲ್ಲವಾದರೆ ಯಾವ ನಿಯಮದಡಿ ಹಾಕಿದ್ದೀರಿ ಎಂದು ಲಿಖಿತವಾಗಿ ತಿಳಿಸಿ." ಇಷ್ಟು ಸಾಕು. ಕಟ್ಟೋಕೆ ಆಗದ ಮೊತ್ತ ಮಾತ್ರ ಬರೀಬೇಡಿ, ಒಂದ್ಸಲ ಬರೆದು ತಪ್ಪಿದ್ರೆ ಮುಂದಿನ ಕಾಗದಕ್ಕೆ ಬೆಲೆ ಇರಲ್ಲ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಉತ್ತರ ಸರಿ ಇಲ್ಲ ಅಂದ್ರೆ ಗ್ರಾಹಕರ ದೂರು ನೋಡೋ ಆರ್‌ಬಿಐ ಓಂಬಡ್ಸ್‌ಮನ್‌ಗೆ ದೂರು ಕೊಡಿ, ಸಿಎಂಎಸ್ ಅನ್ನೋ ಅವರ ಪೋರ್ಟಲ್ ಇದೆ, ಫೀಸು ಇಲ್ಲ, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಕಾಗದ ಕೊಡೋ ಟೈಮೂ ಮುಖ್ಯ. ಮಾಮೂಲಿ ಸಾಲ 90 ದಿನ ಮೀರಿ ಬಾಕಿ ಬಿದ್ರೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತೆ, ಬೆಳೆ ಸಾಲಕ್ಕೆ ಲೆಕ್ಕ ಬೇರೆ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಎನ್‌ಪಿಎ ಆಗೋಕೆ ಮುಂಚೆ ಹೋದ್ರೆ ಮ್ಯಾನೇಜರ್ ಕೈಲಿ ಮಾಡಿಕೊಡೋಕೆ ಏನಾದ್ರೂ ಇರುತ್ತೆ, ಆಮೇಲೆ ಫೈಲು ಮೇಲಿನ ಆಫೀಸಿಗೆ ಹೋಗುತ್ತೆ. 2018ರ ಆಗಸ್ಟಲ್ಲಿ ಆದಂಗೆ ಭೂಕುಸಿತ ಪ್ರವಾಹ ಆಗಿ, ಬೆಳೆ ನಷ್ಟ ಶೇಕಡ 33 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಕಾರ ಘೋಷಿಸಿದ್ರೆ ಸಾಲ ಮರುಹೊಂದಾಣಿಕೆಗೆ ಆರ್‌ಬಿಐ ನಿಯಮ ಇದೆ, ಆಗ ಬ್ರಾಂಚಲ್ಲಿ ಗೊತ್ತಿಲ್ಲ ಅಂದ್ರೆ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನ ಹೊಂದಿಸೋ ಬ್ಯಾಂಕು) ಮ್ಯಾನೇಜರ್‌ಗೆ ಕಾಗದ ಕೊಡಿ.

ಇನ್ನೊಂದು ಮುಖ್ಯವಾದ ವಿಷ್ಯ. ಸಾಲ ಇರೋ ಬ್ಯಾಂಕಲ್ಲೇ ನಿಮ್ಮ ಸಂಬಳ, ಕೂಲಿ, ಕಾಫಿ ದುಡ್ಡು ಬೀಳ್ತಾ ಇದ್ರೆ, ಬಾಕಿಗೆ ಅಂತ ಅದನ್ನ ಹಿಡ್ಕೊಳ್ಳೋ ಹಕ್ಕನ್ನ ಸಾಲದ ಪತ್ರದಲ್ಲೇ ಬರೆಸ್ಕೊಂಡಿರ್ತಾರೆ. ಮನೆ ಖರ್ಚಿನ ದುಡ್ಡಿಗೆ ಸಾಲ ಇಲ್ಲದ ಬೇರೆ ಬ್ಯಾಂಕಲ್ಲಿ ಒಂದು ಬೇಸಿಕ್ ಉಳಿತಾಯ ಖಾತೆ ತೆಗೀರಿ, ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ. ಇದು ಮೋಸ ಅಲ್ಲ, ಮನೇಲಿ ಅಕ್ಕಿ ಇದ್ರೆ ತಾನೇ ದುಡಿದು ಸಾಲ ತೀರಿಸೋದು. ಹಂಗೇ ಒಂದೇ ಕಡೆ ಎರಡು ಮೂರು ಸಾಲ ಇದ್ದಾಗ ದುಡ್ಡು ಕಟ್ಟೋವಾಗ ಇದು ಇಂಥ ಸಾಲಕ್ಕೆ ಅಂತ ಬರೆದು ಕಟ್ಟಿ, ಕರಾರು ಕಾಯ್ದೆ 59ನೇ ಸೆಕ್ಷನ್ ಪ್ರಕಾರ ಹಂಗೆ ಹೇಳಿ ಕಟ್ಟಿದ್ದನ್ನ ಅವರು ತಗೊಂಡ್ರೆ ಆ ಸಾಲಕ್ಕೇ ಹಾಕ್ಬೇಕು.

ರಿಕವರಿಯವರ ವಿಚಾರ. ಬ್ಯಾಂಕಿನ, ಫೈನಾನ್ಸಿನ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಂಗಿಲ್ಲ, ಮೈಕ್ರೋಫೈನಾನ್ಸಿಗೆ, ಅಂದ್ರೆ ಅಡಮಾನ ಇಲ್ಲದ ಸಣ್ಣ ಸಂಘದ ಸಾಲಕ್ಕೆ, ಅದು 9ರಿಂದ 6. ಸಂಘದ ಸಾಲದ ವಸೂಲಿ ಮೊದಲೇ ಗೊತ್ತು ಮಾಡಿದ ಜಾಗದಲ್ಲಿ ಆಗ್ಬೇಕು, ಸಾಲ ತಗೊಂಡವರು ಸತತ ಎರಡು ಸಲ ಅಲ್ಲಿಗೆ ಬರದಿದ್ರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗ್ಬಹುದು. ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಮುಂದೆ ಕತ್ತಲಾದ ಮೇಲೆ ಕೂತು, ದುಡ್ಡು ಬರೋ ತನಕ ಏಳಲ್ಲ ಅನ್ನೋದು, ತೋಟದ ಲೆಕ್ಕ ನೋಡೋ ಎಸ್ಟೇಟ್ ರೈಟರ್‌ಗೆ ಫೋನ್ ಮಾಡಿ ಮಾನ ಕಳೆಯೋದು, ಪಕ್ಕದ ಮನೆಯವರನ್ನ ಸೇರಿಸೋದು ಇವೆಲ್ಲ ನಿಯಮಕ್ಕೆ ವಿರುದ್ಧ. ಇದನ್ನ ಅನುಭವಿಸ್ತಾ ಇರೋದು ಹೆಚ್ಚಾಗಿ ತೋಟದ ಕೆಲಸದ ಹೆಂಗಸರು, ಅವರಿಗೆ ಈ ನಿಯಮ ಯಾರೂ ಹೇಳಿರಲ್ಲ, ಗೊತ್ತಿರೋರು ದಯವಿಟ್ಟು ಹೋಗಿ ಹೇಳಿ. ಮನೆಯ ಎಲ್ಲಾ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರೋ ಹಂಗೆ ಮೈಕ್ರೋಫೈನಾನ್ಸ್ ಸಾಲ ಕೊಡಬಾರದು ಅಂತಲೂ 2022ರಿಂದ ಇದೆ. ಬಲವಂತದ ವಸೂಲಿ ತಡೆಯೋಕೆ ಅಂತಲೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಲಿ ಸುಗ್ರೀವಾಜ್ಞೆ ತಂದು ಆಮೇಲೆ ಕಾನೂನು ಮಾಡಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದೆ ಮೀಟರ್ ಬಡ್ಡಿಗೆ ಕೊಡೋರ ಕಾಟ ಇದ್ರೆ ಸ್ಟೇಷನ್‌ಗೆ ಬರೆದು ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಮೊಬೈಲ್ ಆಪಿನವರು ಫೋಟೋ ತಿದ್ದಿ ಕಾಂಟ್ಯಾಕ್ಟಲ್ಲಿ ಇರೋರಿಗೆ ಕಳಿಸ್ತೀವಿ ಅಂದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು 1930ಕ್ಕೆ ಫೋನ್ ಮಾಡಿ, ಹೆದರಿ ಇನ್ನೊಂದು ಆಪಲ್ಲಿ ಸಾಲ ತೆಗೆದು ಇದಕ್ಕೆ ಕಟ್ಬೇಡಿ.

ಮೇಲೆ ಹೇಳಿದ ಚೆಕ್, ಆಟೋ ಡೆಬಿಟ್ ಬೌನ್ಸ್ ಕೇಸು ಬಿಟ್ರೆ, ಸಾಲ ಕಟ್ಟೋಕೆ ಆಗದೇ ಇರೋದು ಕ್ರಿಮಿನಲ್ ಅಪರಾಧ ಅಲ್ಲ. ನಾಳೆ ಪೊಲೀಸ್ ಬರ್ತಾರೆ, ಅರೆಸ್ಟ್ ಮಾಡಿಸ್ತೀವಿ ಅನ್ನೋ ಫೋನುಗಳು ಹೆದರ್ಸೋಕೆ ಅಷ್ಟೇ. ಕೋರ್ಟಲ್ಲಿ ದುಡ್ಡು ಕಟ್ಟಿ ಅಂತ ಡಿಕ್ರಿ ಆದ್ರೂ ಅಡ ಇಡದ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ರೈತರ ಉಪಕರಣ, ದನ, ಕೂಲಿಯವರ ಕೂಲಿ ಇವನ್ನ ಸಿವಿಲ್ ಪ್ರೊಸೀಜರ್ ಕೋಡ್ 60ನೇ ಸೆಕ್ಷನ್ ಪ್ರಕಾರ ಜಪ್ತಿ ಮಾಡೋ ಹಂಗಿಲ್ಲ. ರಾತ್ರಿ ನಿದ್ದೆ ಬರದೆ ಕೆಟ್ಟ ಯೋಚನೆ ಬರ್ತಾ ಇದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, 24 ಗಂಟೆನೂ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಮನೇಲಿ ಒಬ್ಬರಿಗಾದ್ರೂ ಪೂರ್ತಿ ಲೆಕ್ಕ ಹೇಳಿ. ನಿಮ್ಮ ಜೀವಕ್ಕಿಂತ ಯಾವ ತೋಟನೂ ದೊಡ್ಡದಲ್ಲ.

ತೋಟ ಅಡ ಇಟ್ಟಿರೋರಿಗೆ ಸರ್ಫೇಸಿ (ಕೋರ್ಟಿಗೆ ಹೋಗದೇ ಅಡಮಾನದ ಆಸ್ತಿ ಹಿಡಿಯೋಕೆ ಬ್ಯಾಂಕಿಗೆ ಅಧಿಕಾರ ಕೊಡೋ ಕಾಯ್ದೆ) ನೋಟಿಸ್ ಬಂದ್ರೆ ಅದನ್ನ ಬೀರುಲಿ ಇಡ್ಬೇಡಿ. 13(2) ನೋಟಿಸ್ ಅಂದ್ರೆ 60 ದಿನ ಟೈಮು, ಅಷ್ಟರಲ್ಲಿ ಆಕ್ಷೇಪಣೆ ಬರೆದು ಕೊಟ್ರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡ್ಲೇಬೇಕು. ಸ್ವಾಧೀನದ ಕ್ರಮ ಆದ್ರೆ 45 ದಿನದೊಳಗೆ ಬೆಂಗಳೂರಿನ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗ್ಬೇಕು. ಈ ಕಾಯ್ದೆ 31ನೇ ಸೆಕ್ಷನ್‌ನಲ್ಲಿ ಕೃಷಿ ಜಮೀನಿಗೆ ವಿನಾಯ್ತಿ ಇದೆ, ಕಾಫಿ ತೋಟ ಕೃಷಿನಾ ಅಲ್ವಾ ಅನ್ನೋದರ ಮೇಲೆ ಬೆಳೆಗಾರರಿಗೂ ಬ್ಯಾಂಕುಗಳಿಗೂ ವಾದ ನಡೆದಿದೆ, ಅದಕ್ಕೆ ಆರ್‌ಟಿಸಿ, ಬೆಳೆ ದಾಖಲೆ ಎಲ್ಲ ತಗೊಂಡು ಈ ಕೇಸುಗಳನ್ನೇ ನಡೆಸೋ ವಕೀಲರ ಹತ್ರ ಹೋಗಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ಮಡಿಕೇರಿ ಕೋರ್ಟಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಮತ್ತೆ ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ರೂ ಉಚಿತ, ಫೋನ್ 15100.

ಒಡವೆ ಸಾಲದಲ್ಲಿ ಹರಾಜಿಗೆ ಮುಂಚೆ ನೋಟಿಸ್ ಕೊಡ್ಬೇಕು, ಸಾಲ ಕಳೆದು ಮಿಕ್ಕಿದ ದುಡ್ಡು ನಿಮಗೆ ವಾಪಸ್ ಬರ್ಬೇಕು, ಕೇಳದೇ ಬಿಡ್ಬೇಡಿ.

ಒಂದೇ ಕಂತಲ್ಲಿ ಮುಗಿಸೋ ಓಟಿಎಸ್ ಕೇಳ್ಬಹುದು, ಆದ್ರೆ ಅದು ನಮ್ಮ ಹಕ್ಕು ಅಲ್ಲ ಅಂತ 2021ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬ್ಯಾಂಕ್ ಒಪ್ಪಿದ್ರೆ ಉಂಟು. ಲೋಕ ಅದಾಲತ್ ಟೈಮಲ್ಲಿ ಬ್ಯಾಂಕುಗಳು ಸ್ವಲ್ಪ ಮೆತ್ತಗಾಗ್ತವೆ, ಆದ್ರೆ ಅಲ್ಲಿ ಸೈನ್ ಹಾಕಿದ್ರೆ ಅದು ಕೋರ್ಟ್ ಡಿಕ್ರಿಗೆ ಸಮ, ಅಪೀಲಿಲ್ಲ, ಕೊಯ್ಲಿನ ಲೆಕ್ಕ ಹಾಕಿ ಕಟ್ಟೋಕೆ ಆಗೋ ದಿನಾಂಕನೇ ಬರೆಸಿ. ಸೆಟಲ್ ಮಾಡಿದ್ರೆ ಸಿಬಿಲಲ್ಲಿ ಸೆಟಲ್ಡ್ ಅಂತ ಬರುತ್ತೆ, ಮುಂದೆ ಸಾಲ ಸಿಗೋದು ಕಷ್ಟ ಆಗುತ್ತೆ, ಅದು ಗೊತ್ತಿರ್ಲಿ. ಒಪ್ಪಂದದ ಪತ್ರ ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ ಕೈಗೆ ಬರದೆ ಒಂದು ರೂಪಾಯಿನೂ ಕಟ್ಬೇಡಿ, ಏಜೆಂಟನ ಗೂಗಲ್ ಪೇಗಂತೂ ಬೇಡವೇ ಬೇಡ, ಸಾಲದ ಖಾತೆಗೇ ಕಟ್ಟಿ ರಸೀದಿ ತಗೊಳ್ಳಿ.

ಪೂರ್ತಿ ತೀರಿದ ಮೇಲೆ ಡ್ಯೂಸ್ ಇಲ್ಲ ಅಂತ ಪತ್ರ ತಗೊಳ್ಳಿ. ಜಮೀನಿನ ಮೂಲ ದಾಖಲೆಗಳನ್ನ 30 ದಿನದಲ್ಲಿ ವಾಪಸ್ ಕೊಡ್ಬೇಕು, ಅವರ ತಪ್ಪಿಂದ ತಡ ಆದ್ರೆ ದಿನಕ್ಕೆ 5000 ರೂಪಾಯಿ ಪರಿಹಾರ, 2023ರ ಡಿಸೆಂಬರ್ ಒಂದರಿಂದ ಇದು ಜಾರಿಲಿದೆ. ಆರ್‌ಟಿಸಿ 11ನೇ ಕಾಲಂನಲ್ಲಿ ಬ್ಯಾಂಕಿನ ಋಣ ಅಂತ ಇರೋದನ್ನ ತೆಗೆಸೋದನ್ನ ಮಾತ್ರ ಮರೀಬೇಡಿ, ಸುಮಾರು ಜನ ಸಾಲ ತೀರಿಸಿ ವರ್ಷಗಟ್ಟಲೆ ಹಾಗೇ ಬಿಟ್ಟಿರ್ತಾರೆ, ಮಕ್ಕಳ ಕಾಲಕ್ಕೆ ಪಾಲು ಮಾಡೋವಾಗ ಮತ್ತೆ ತಾಲೂಕು ಆಫೀಸಿಗೆ ಓಡಾಡ್ಬೇಕಾಗುತ್ತೆ.