ಹಡಗು ಬಿಟ್ಟೆ, ಖರ್ಚು ಇಳಿಯಿತು

ಇದು ಆಗುವ ಕೆಲಸವಲ್ಲ ಅಂತ ಕಚೇರಿಯಲ್ಲಿ ಎಲ್ಲರೂ ಹೇಳಿದ್ದರು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ರಾಯಭಾರ ಕಚೇರಿಯ ವಾರ್ತಾ ವಿಭಾಗದ ಖರ್ಚು ಎರಡು ವರ್ಷದಲ್ಲಿ ಹೆಚ್ಚುಕಡಿಮೆ ನೂರಕ್ಕೆ 40ರಷ್ಟು ಇಳಿಯಿತು, ಅದೂ ಒಬ್ಬರನ್ನೂ ಕೆಲಸದಿಂದ ತೆಗೆಯದೆ.

ಮೊದಲು ಕೈ ಹಾಕಿದ್ದು ಬಾಡಿಗೆಗೆ. ದೇಶದೇಶಗಳ ರಾಯಭಾರ ಸಂಬಂಧಕ್ಕೆ ನಿಯಮ ಹಾಕಿಕೊಟ್ಟ 1961ರ ವಿಯೆನ್ನಾ ಒಪ್ಪಂದದ 23ನೇ ವಿಧಿಯಲ್ಲಿ ರಾಯಭಾರ ಕಚೇರಿಯ ಕಟ್ಟಡದ ತೆರಿಗೆಗೆ ವಿನಾಯಿತಿ ಇದೆ ಅಲ್ವಾ, ಅದನ್ನೇ ಹಿಡಿದುಕೊಂಡು ಬಾಡಿಗೆ ಇಳಿಸಿ ಅಂತ ಮಾಲೀಕರ ಹತ್ತಿರ ಹೋದೆ. ಆದರೆ ಇಲ್ಲಿನ ಕಾನೂನಿನಂತೆ ಆ ತೆರಿಗೆ ಕಟ್ಟಬೇಕಾದವರು ಮಾಲೀಕರು, ಅವರಿಗೆ ವಿನಾಯಿತಿ ಇಲ್ಲ ಅಂತ ಅದೇ ವಿಧಿಯ ಎರಡನೇ ಭಾಗ ಹೇಳುತ್ತದೆ. ಅವರು ಅದನ್ನು ಬಾಡಿಗೆಯಲ್ಲೇ ಸೇರಿಸಿಬಿಟ್ಟಿದ್ದರು. ನಾಲ್ಕು ತಿಂಗಳ ಓಡಾಟ ಸುಮ್ನೆ ಹೋಯಿತು.

ಎರಡನೇ ಪೆಟ್ಟು ಇನ್ನೂ ಜೋರು. ಮುಖ್ಯ ಕಚೇರಿಯಿಂದ ಸುಮಾರು 60 ಪೆಟ್ಟಿಗೆ ಪುಸ್ತಿಕೆ ಹಡಗಿನಲ್ಲಿ ಬಂತು. ಅದೇ ಒಪ್ಪಂದದ 36ನೇ ವಿಧಿಯಿಂದ ಆಮದು ಸುಂಕ ತಪ್ಪಿತು, ನಿಜ. ಗೋದಾಮಿನ ಬಾಡಿಗೆ, ಸಾಗಣೆ ಕೂಲಿ ಮಾತ್ರ ತಪ್ಪುವುದಿಲ್ಲ. ವಿನಾಯಿತಿ ಪತ್ರಕ್ಕೆ ಮೊಹರು ಬೀಳುವಷ್ಟರಲ್ಲಿ ಐದು ವಾರ. ಗೋದಾಮಿಗೆ ಕಟ್ಟಿದ್ದು ಅಚ್ಚಿನ ಖರ್ಚನ್ನೇ ದಾಟಿತ್ತು, ಅರ್ಧ ಪುಸ್ತಿಕೆ ತೇವ ಹಿಡಿದು ಹಾಳಾಗಿದ್ದವು.

ಅವತ್ತೇ ತೀರ್ಮಾನಿಸಿದೆ, ಇನ್ನು ಫೈಲ್ ಮಾತ್ರ ತರಿಸುವುದು, ಅಚ್ಚು ಇಲ್ಲೇ. ಪ್ರತಿಯ ಬೆಲೆ ಜಾಸ್ತಿ ಬಿತ್ತು, ಆಡಿಟ್‌ನವರು ಅದನ್ನೇ ಹಿಡಿದು ಕೂತರು. ಆಗ ವಿಳಾಸದ ಪಟ್ಟಿ ತೆಗೆದೆ. ನಾಲ್ಕು ಸಾವಿರ ಹೆಸರು, ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಎಲ್ಲರಿಗೂ ಒಂದೊಂದು ಕಾರ್ಡ್ ಹಾಕಿ, ಬೇಕಿದ್ದವರು ತಿಳಿಸಿ ಅಂತ ಕೇಳಿದೆ. ಉತ್ತರ ಬಂದದ್ದು 900 ಇರಬೇಕು. ಅಷ್ಟೇ ಪ್ರತಿ ಹಾಕಿಸಿ, ಓದುವವರ ಕೈ ಸೇರಿದ ಒಂದು ಪ್ರತಿಗೆ ಎಷ್ಟು ಬಿತ್ತು ಅಂತ ಲೆಕ್ಕ ತೋರಿಸಿದೆ. ಮೊದಲಿನ ಮೂರನೇ ಒಂದು ಭಾಗ! ಆಡಿಟ್ ಟಿಪ್ಪಣಿ ವಾಪಸ್ ಹೋಯಿತು.

ವ್ಯಾಟ್, ಅಂದರೆ ಬಿಲ್ಲಿನಲ್ಲಿ ಸೇರುವ ಮೌಲ್ಯವರ್ಧಿತ ತೆರಿಗೆ, ರಾಯಭಾರ ಕಚೇರಿಗೆ ವಾಪಸ್ ಸಿಗುವ ದೇಶದಲ್ಲಿದ್ದರೆ ಅಚ್ಚಿನ ಬಿಲ್ ಕಚೇರಿಯ ಹೆಸರಿನಲ್ಲೇ ಇರಲಿ. ನಮ್ಮ ಗುಮಾಸ್ತರು ತಮ್ಮ ಹೆಸರಿನಲ್ಲಿ ಮಾಡಿಸಿದ್ದ ಎರಡು ಬಿಲ್ಲುಗಳ ತೆರಿಗೆ ದುಡ್ಡು ಇವತ್ತಿಗೂ ಬಂದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಓದುವ ಕೋಣೆಯನ್ನು ದಿನವಿಡೀ ತೆರೆಯುವ ಬದಲು ವಾರಕ್ಕೆ ಮೂರು ಸಂಜೆ ತೆರೆದೆ. ಕರೆಂಟು ಉಳಿಯಿತು, ಬರುವವರೂ ಹೆಚ್ಚಿದರು, ಹಗಲು ಕಾಲೇಜಿಗೆ ಹೋಗುವವರೇ ಅವರಲ್ಲಿ ಬಹಳ.

ಉಳಿದ ದುಡ್ಡಿನಲ್ಲಿ ಈ ವರ್ಷ ಅನುವಾದಕರೊಬ್ಬರನ್ನು ಇಟ್ಟುಕೊಂಡೆ. ಮುಖ್ಯ ಕಚೇರಿಯ ಪಠ್ಯವನ್ನು ಹಾಗೇ ಕೊಟ್ಟರೆ ಇಲ್ಲಿನ ಪತ್ರಿಕೆಗಳು ಮೂಲೆಗೆ ಹಾಕುತ್ತಿದ್ದವು. ಅವರದೇ ಭಾಷೆಯಲ್ಲಿ ಎರಡು ಪುಟ ಕೊಟ್ಟಾಗ ಕಳೆದ ತಿಂಗಳು ಏಳೆಂಟು ಸಲ ಅಚ್ಚಾಯಿತು.