ಇನಾರಿಯಲ್ಲಿ ಎಂಟು ದಿನ

ಲ್ಯಾಪ್‌ಲ್ಯಾಂಡ್‌ಗೆ ಹೋಗಿ ಬಂದೆ ಅಂದರೆ ಸಾಕು, ಆಕಾಶದಲ್ಲಿ ಹಸಿರು ಬೆಳಕು ಕಾಣಿಸಿತಾ ಅಂತಲೇ ಎಲ್ಲರೂ ಕೇಳುತ್ತಾರೆ. ಎರಡು ರಾತ್ರಿ ಕಾಣಿಸಿತು, ತುಂಬ ಚೆನ್ನಾಗಿತ್ತು. ಆದರೆ ನಾನು ಹೋಗಿದ್ದು ಅದಕ್ಕಲ್ಲ. ಫಿನ್ಲೆಂಡಿನ ಉತ್ತರಕ್ಕಿರುವ ಇನಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಹೇಗೆ ಬದುಕುತ್ತಾರೆ, ಕೆಲವೇ ನೂರು ಜನ ಆಡುವ ಇನಾರಿ ಸಾಮಿ ಭಾಷೆಯನ್ನು ಹೇಗೆ ಉಳಿಸಿಕೊಂಡರು ಅಂತ ನೋಡಬೇಕಿತ್ತು. ನಮ್ಮ ಮನೆಮಾತು ಕೊಡವ ತಕ್ಕ್. ಬೆಂಗಳೂರಲ್ಲಿ ಬೆಳೆದ ಅಕ್ಕನ ಮಕ್ಕಳಿಗೆ ಅದು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಾಗಾಗಿ ಫೆಬ್ರವರಿ ಆರಿಸಿಕೊಂಡೆ. ಷೆಂಗೆನ್ ವೀಸಾಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿದೆ. 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಹೆಲ್ಸಿಂಕಿಯಿಂದ ಇವಾಲೋಗೆ ವಿಮಾನ, ಅಲ್ಲಿಂದ ಸುಮಾರು 50 ಕಿ.ಮೀ. ಬಸ್ಸು. ನಾಲ್ಕು ಊರು ಸುತ್ತುವ ಪ್ಯಾಕೇಜ್ ಬಿಟ್ಟು, ಒಂದೇ ಮನೆಯಲ್ಲಿ ಎಂಟು ದಿನ ಉಳಿದೆ.

ಮೊದಲ ದಿನವೇ ತಪ್ಪು ಮಾಡಿದೆ. ಬಿಗಿ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಿದ್ದೆ. ಮೈನಸ್ 24 ಡಿಗ್ರಿ. ಅರ್ಧ ಗಂಟೆಯಲ್ಲಿ ಬೆರಳುಗಳು ಮರಗಟ್ಟಿದವು. ಮನೆಯಾಕೆ ನನ್ನನ್ನು ಒಲೆಯ ಹತ್ತಿರ ಕೂರಿಸಿ, ತನ್ನ ಅಜ್ಜಿಯ ಕಾಲದ ಹಿಮಸಾರಂಗದ ಚರ್ಮದ ಬೂಟು ತೋರಿಸಿದರು. ತುದಿ ಮೇಲಕ್ಕೆ ಬಾಗಿತ್ತು, ಸ್ಕೀ ಪಟ್ಟಿಗೆ ಸಿಕ್ಕಿಸಿಕೊಳ್ಳಲು. ಒಳಗೆ ಸಾಕ್ಸ್ ಇಲ್ಲ, ಒಣಹುಲ್ಲು! ಬೇಸಿಗೆಯಲ್ಲಿ ಜೌಗು ನೆಲದ ಹುಲ್ಲು ಕೊಯ್ದು, ಬಡಿದು ಮೆತ್ತಗೆ ಮಾಡಿ, ಒಣಗಿಸಿ ಇಡುತ್ತಿದ್ದರಂತೆ. ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರ. ಬೆಚ್ಚಗಿಡುವುದು ಹುಲ್ಲಿನ ನಡುವೆ ನಿಂತ ಗಾಳಿ. ಮರುದಿನ ಒಂದು ಸೈಜ್ ದೊಡ್ಡ ಶೂ ಬಾಡಿಗೆಗೆ ತಂದೆ. ಹತ್ತಿ ಬನಿಯನ್ ಬಿಟ್ಟು ಉಣ್ಣೆಯದು ಹಾಕಿದೆ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆ ಚಳಿಗೆ ಅದು ಅಪಾಯ.

ಕಾಫಿ ವಿಷಯಕ್ಕೆ ಬಂದರೆ ನಾನು ಕೊಡಗಿನವಳು, ಸುಮ್ನೆ ಬಿಡುವವಳಲ್ಲ. ಅವರದು ತಿಳಿ ಹುರಿತ, ಹಾಲಿಲ್ಲದ ಕಾಫಿ, ದಿನಕ್ಕೆ ಐದಾರು ಸಲ. ಅದರೊಳಗೆ ಸುಟ್ಟ ಚೀಸ್ ತುಂಡು ಹಾಕುತ್ತಾರೆ. ಅದು ನೆನೆದು, ಅಗಿದರೆ ಹಲ್ಲಿನ ಕೆಳಗೆ ಕಿರ್ ಅನ್ನುತ್ತದೆ. ಮೂರನೇ ದಿನ ನಾನೇ ಕೇಳಿ ಹಾಕಿಸಿಕೊಂಡೆ.

ಹಿಮಸಾರಂಗ ಸಾಕುವ ಸಾಮಿಗಳನ್ನು, ನಿಮ್ಮ ಹತ್ತಿರ ಎಷ್ಟಿವೆ ಅಂತ ಕೇಳಬೇಡಿ. ಬ್ಯಾಂಕಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ. ಅವುಗಳ ಕಿವಿಗೆ ಹಾಕುವ ಗುರುತಿನ ಬಗ್ಗೆ ಕೇಳಿ, ಖುಷಿಯಾಗಿ ಹೇಳುತ್ತಾರೆ. ಪ್ರತಿಯೊಬ್ಬ ಮಾಲೀಕರದೂ ಬೇರೆ ಬೇರೆ ಕಚ್ಚು. ಸಾಮಿಗಳನ್ನು ಹೊರಗಿನವರು ಕರೆಯುತ್ತಿದ್ದ 'ಲ್ಯಾಪ್' ಅನ್ನುವ ಪದವನ್ನೂ ಬಳಸಬೇಡಿ, ಅವರಿಗೆ ಅದು ಅವಮಾನ. ಅವರ ಸಾಂಪ್ರದಾಯಿಕ ಉಡುಪು ಗಾಕ್ತಿಯನ್ನು ಫೋಟೋಗಾಗಿ ಹಾಕಿಕೊಳ್ಳಲೂ ಬೇಡಿ. ಅದನ್ನು ನೋಡಿದರೆ ಯಾವ ಊರು, ಯಾವ ಮನೆತನ ಅಂತ ತಿಳಿದವರಿಗೆ ಗೊತ್ತಾಗುತ್ತದೆ. ನಮ್ಮ ಕೊಡವರ ಉಡುಪು ಕುಪ್ಯ ಚೇಲೆಯನ್ನು ಯಾರೋ ವೇಷ ಅಂತ ತೊಟ್ಟಾಗ ನನಗಾಗುವ ನೋವು ನೆನಪಾಯಿತು.

ಫೆಬ್ರವರಿ 6 ಸಾಮಿ ರಾಷ್ಟ್ರೀಯ ದಿನ. 1917ರಲ್ಲಿ ಅದೇ ದಿನ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಅವರ ಮೊದಲ ಮಹಾಸಭೆ ಸೇರಿತ್ತು. ಸಾಮಿ ಸಂಸತ್ತಿರುವ ಸಾಯೋಸ್ ಕಟ್ಟಡಕ್ಕೆ ಹೋದೆ. ಗಾಕ್ತಿ ತೊಟ್ಟ ಪುಟ್ಟ ಮಕ್ಕಳು ಹಾಡಿದರು. ಮನೆಯಾಕೆಯ ಕಣ್ಣು ತುಂಬಿ ಬಂತು. ಇನಾರಿ ಸಾಮಿ ಭಾಷೆ ಆಡುವ ಮಕ್ಕಳೇ ಇಲ್ಲ ಅನ್ನುವ ಹಂತ ಬಂದಿತ್ತಂತೆ. 1997ರಲ್ಲಿ 'ಭಾಷಾ ಗೂಡು' ಶುರುವಾಯಿತು. ಅಲ್ಲಿ ದೊಡ್ಡವರು ಮಕ್ಕಳ ಜೊತೆ ಆ ಭಾಷೆ ಬಿಟ್ಟು ಬೇರೆ ಆಡುವುದೇ ಇಲ್ಲ. ಊಟ, ಆಟ, ಬಟ್ಟೆ ಹಾಕುವುದು, ಜಗಳ, ಎಲ್ಲವೂ ಅದರಲ್ಲೇ. ನಮ್ಮ ಮನೆಯಾಕೆಗೆ ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರೂ ಈ ಭಾಷೆ ಕಲಿಸಿರಲಿಲ್ಲ. ಮಗಳು ಗೂಡಿಗೆ ಹೋಗಿ ಕಲಿತಳು, ಆಮೇಲೆ ತಾಯಿ ಕೋರ್ಸ್ ಸೇರಿದರು.

ಹೊರಡುವ ಬೆಳಿಗ್ಗೆ ಬಸ್ಸಿನ ಹತ್ತಿರ 'ತಕ್ಕಾ' ಅಂದೆ, ಇನಾರಿ ಸಾಮಿಯಲ್ಲಿ ಧನ್ಯವಾದ. ಮಗಳು ಕೊನೆಯ ಸ್ವರ ತಿದ್ದಿದಳು. ನಮ್ಮಲ್ಲಿ ತಕ್ಕ್ ಅಂದರೆ ಮಾತು ಅಂತ ಹೇಳಿದೆ. ಇನ್ನೊಂದು ಸಲ ಹೇಳು ಅಂದಳು. ಬಸ್ಸು ಬರುವವರೆಗೂ ಹೇಳಿಸಿಕೊಂಡು ನಿಂತಿದ್ದಳು.