ಯುದ್ಧದ ಪ್ರಚಾರ ಕಾರ್ಡುಗಳನ್ನು ಕೊಡಗಿನ ಮಳೆಯಿಂದ ಉಳಿಸಿಕೊಂಡ ಬಗೆ

ಎರಡನೇ ಮಹಾಯುದ್ಧದ ಪ್ರಚಾರ ಕಾರ್ಡುಗಳಿರುವ ಅಟ್ಟದ ಟ್ರಂಕನ್ನು ಮಳೆಗಾಲದಲ್ಲಿ ತೆರೆಯಲೇಬೇಡಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿ ಕಡೆ ಮನೆಯೊಳಗೇ ತೇವಾಂಶ ಶೇ. 90 ದಾಟುತ್ತದೆ, 65ರ ಮೇಲೆ ಹೆಚ್ಚು ದಿನ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಬಹುದು. ನಾನು ಈ ಕೆಲಸಕ್ಕೆ ಇಟ್ಟುಕೊಂಡಿರುವುದು ಜನವರಿ, ಫೆಬ್ರವರಿ. ಕಾಫಿ ಕಣದಲ್ಲಿ ಒಣಗುವ ಕಾಲದಲ್ಲಿ ಕಾಗದವೂ ಒಣಗಿರುತ್ತದೆ.

ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಇಟಲಿಯ ಸೈನಿಕ ಅಂಚೆ ಕಾರ್ಡುಗಳು. ಬ್ರಿಟಿಷರ ಭಾರತೀಯ ಸೇನೆಯ 8ನೇ ಡಿವಿಷನ್ 1943ರ ಸೆಪ್ಟೆಂಬರಿನಲ್ಲಿ ಅಲ್ಲಿ ಇಳಿಯಿತು, 4 ಮತ್ತು 10ನೆಯವು ಆಮೇಲೆ ಬಂದವು. ಇಟಲಿಯ ಸೈನಿಕರು ಬರೆಯದೆ ಬಿಟ್ಟ ಕಾರ್ಡುಗಳು ನಮ್ಮವರ ಕಿಟ್‌ಬ್ಯಾಗ್ ಸೇರಿದವು. 'ವಿಂಚೆರೆಮೊ', ಅಂದರೆ 'ಗೆಲ್ಲುತ್ತೇವೆ', ಎಂಬ ಘೋಷಣೆ ಹಲವುದರ ಮೇಲಿದೆ. ಇಸವಿಯ ಪಕ್ಕ ರೋಮನ್ ಅಂಕಿ ಇದ್ದರೆ ಅದು ಫ್ಯಾಸಿಸ್ಟ್ ವರ್ಷ, ಮುಸೊಲಿನಿ ಅಧಿಕಾರಕ್ಕೆ ಬಂದ 1922ರ ಅಕ್ಟೋಬರಿನಿಂದ ಎಣಿಸಿದ್ದು. ಎರಡು ಎಕ್ಸ್ ಇದ್ದರೆ 1941ರ ಅಕ್ಟೋಬರಿನಿಂದ 1942ರ ಅಕ್ಟೋಬರ್.

ಅಸಲಿಯೋ ಮರುಮುದ್ರಣವೋ ತಿಳಿಯಲು ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿಯಿರಿ. ಇಡೀ ಕಾರ್ಡು ನೀಲಿಯಾಗಿ ಹೊಳೆದರೆ ಅದು ಯುದ್ಧಕಾಲದ್ದಲ್ಲ. ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಸೇರಿಸತೊಡಗಿದ್ದೇ 1950ರ ಸುಮಾರಿಗೆ. ಅಲ್ಲಲ್ಲಿ ಚುಕ್ಕೆ ಮಾತ್ರ ಹೊಳೆದರೆ ಗಾಬರಿ ಬೇಡ, ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೆ ಹಾಗಾಗುತ್ತದೆ.

ಹೊಗೆಮಸಿಯನ್ನು ಮೆತ್ತನೆ ಕುಂಚದಿಂದ ನಡುವಿನಿಂದ ಅಂಚಿಗೆ ಗುಡಿಸಿದರೆ ಸಾಕು. ಒದ್ದೆ ಬಟ್ಟೆ ತಾಗಿಸಿದರೆ ಕೆಡುವುದು ಇಲ್ಲೇ. ಆ ಕಾಲದ ಸೈನಿಕರು ಬಳಸುತ್ತಿದ್ದ ಕಾಪಿಯಿಂಗ್ ಪೆನ್ಸಿಲ್ ಒಣಗಿದಾಗ ಸಾಮಾನ್ಯ ಸೀಸದ ಹಾಗೇ ಕಾಣುತ್ತದೆ, ತೇವ ತಾಗಿದೊಡನೆ ನೇರಳೆಯಾಗಿ ಹರಡುತ್ತದೆ, ಮತ್ತೆ ಹೋಗುವುದಿಲ್ಲ. ಅನುಮಾನವಿದ್ದರೆ ಹಲ್ಲುಕಡ್ಡಿಯ ತುದಿ ತೇವ ಮಾಡಿ ಒಂದು ಪೂರ್ಣವಿರಾಮದ ಮೇಲೆ ಮುಟ್ಟಿಸಿ ನೋಡಿ. ನೇರಳೆ ಬಂದರೆ ಆ ಕಾರ್ಡಿಗೆ ನೀರಿನ ಸೋಂಕೂ ಬೇಡ. ಸುರುಳಿಯಾದದ್ದನ್ನು ಬಿಡಿಸಲು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ, ಎರಡು ವಾರ ಕಾಯಿರಿ. ಇಸ್ತ್ರಿ ಹಾಕುವವರೂ ಇದ್ದಾರೆ!

ಲ್ಯಾಮಿನೇಶನ್, ಸೆಲೋಟೇಪ್, ಪಿವಿಸಿ ಆಲ್ಬಮ್ ಮೂರೂ ಬೇಡ. ಪಾಲಿಯೆಸ್ಟರ್ ಹಾಳೆಯ ಕವರು, ಅದರ ಹೊರಗೆ ಬಿಗಿ ಮುಚ್ಚಳದ ಡಬ್ಬ. ತೇವ ಹೀರುವ ಸಿಲಿಕಾ ಜೆಲ್ ಹರಳು ಜಾಸ್ತಿಯಾದಷ್ಟೂ ಒಳ್ಳೆಯದೆಂದು 5 ಲೀಟರ್ ಡಬ್ಬಕ್ಕೆ 50 ಗ್ರಾಂ ಹಾಕಿದ್ದೆ. ಒಳಗಿನ ತೇವಾಂಶ 28ಕ್ಕೆ ಇಳಿದು ಫೋಟೋ ಕಾರ್ಡುಗಳ ಜೆಲಟಿನ್ ಪದರ ಕುಗ್ಗಿ ಹಪ್ಪಳದಂತೆ ಬಾಗಿದವು. ಈಗ 20 ಗ್ರಾಂ, ಜೊತೆಗೆ ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್. 45ರಿಂದ 50ರ ನಡುವೆ ನಿಂತರೆ ಮುಟ್ಟುವುದಿಲ್ಲ. ಕಿತ್ತಳೆ ಹರಳು ಹಸಿರಾದಾಗ 110 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಮರಳಿ ಇಡುತ್ತೇನೆ.

ಯಾರು ತಂದದ್ದು, ಎಲ್ಲಿಂದ ತಂದದ್ದು ಎಂದು ಮನೆಯ ಹಿರಿಯರು ಹೇಳಿದ್ದನ್ನು ಬೇರೆ ಚೀಟಿಯಲ್ಲಿ ಬರೆದು ಕವರಿನ ಹಿಂದೆ ಸೇರಿಸಿ. ಕಾರ್ಡಿನ ಮೇಲಲ್ಲ.